ಗ್ಯಾರೇಜಿನ ಕಮಾನು ಗಾಡಿ: ಮೇ ತಿಂಗಳವರೆಗಿನ ಕೆಲಸ

ನಾನು ಕಟ್ಟುತ್ತಿರುವ, ಕಾರಿನ ಹಿಂದೆ ಎಳೆದೊಯ್ಯುವ ಟಿಯರ್‌ಡ್ರಾಪ್ ಟ್ರೇಲರಿಗೆ ಕೊನೆಗೂ ಗಾಡಿಯ ಆಕಾರ ಬಂದಿದೆ. ಜನವರಿ, ಫೆಬ್ರವರಿಯಲ್ಲಿ ಮಿಶಿಗನ್ನಿನ ಚಳಿ ಏನನ್ನೂ ಮಾಡಗೊಡಲಿಲ್ಲ. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ನನ್ನ ಮರದ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಟಿಯರ್‌ಡ್ರಾಪ್ ಟ್ರೇಲರ್ ಎಂದರೆ ಮುಂದೆ ಗುಂಡಗಿದ್ದು ಹಿಂದಕ್ಕೆ ಇಳಿಜಾರಾಗುವ ಪುಟ್ಟ ಗಾಡಿ. ಒಳಗೆ ಇಬ್ಬರು ಮಲಗಬಹುದು, ನಿಲ್ಲಲಾಗದು. ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆಮನೆ. ಅಮೆರಿಕದಲ್ಲಿ 1930ರ ದಶಕದಿಂದಲೇ ಇದನ್ನು ಮನೆಯಲ್ಲಿ ಕಟ್ಟಿಕೊಳ್ಳುವವರಿದ್ದಾರೆ. ಅವರು ಪ್ಲೈವುಡ್‌ನಿಂದ ಕಟ್ಟಿದರು. ನಾನು ಮನೆಯ ಗೋಡೆಗೆ ಚಳಿ ತಡೆಯಲೆಂದು ಹಾಕುವ ಗುಲಾಬಿ ಫೋಮ್ ಹಲಗೆಗಳನ್ನು ಆರಿಸಿಕೊಂಡೆ. 4 ಅಡಿಗೆ 8 ಅಡಿಯ, 2 ಇಂಚು ದಪ್ಪದ ಹಲಗೆ ನಾಲ್ಕು ಕಿಲೋ ಕೂಡ ತೂಗುವುದಿಲ್ಲ. ಅಷ್ಟೇ ಅಗಲದ ಅರ್ಧ ಇಂಚಿನ ಪ್ಲೈವುಡ್ ಇಪ್ಪತ್ತು ಕಿಲೋ. ನಮ್ಮ ಕಾರು ಎಳೆಯಬಲ್ಲದ್ದು 1,500 ಪೌಂಡ್, ಅಂದರೆ 680 ಕಿಲೋ ಮಾತ್ರ. ಆ ಮಿತಿಯ ಹತ್ತಿರ ಸುಳಿಯುವ ಆಸೆಯೂ ನನಗಿಲ್ಲ.

ಏಪ್ರಿಲ್ ಪೂರ್ತಿ ಚಾವಣಿ ನುಂಗಿತು. ಬಾಗಲೆಂದು 1 ಇಂಚಿನ ಹಲಗೆಗಳ ಒಳಮೈಗೆ ಸಾಲು ಸಾಲಾಗಿ ಗೀರು ಕೊಯ್ದು, ಎರಡು ಪದರ ಮಾಡಿ, ನಡುವೆ ಮರದ ಅಂಟು ಬಳಿದು ಕೂರಿಸಿದೆ. ಆರು ದಿನ ಬಿಟ್ಟು ಅಂಚನ್ನು ಎತ್ತಿ ನೋಡಿದರೆ ಅಂಟು ಬಳಿದ ದಿನದಷ್ಟೇ ಹಸಿ! ನೀರು ಆರಿದರೆ ತಾನೇ ಅಂಟು ಗಟ್ಟಿಯಾಗುವುದು. ಎರಡೂ ಕಡೆ ನೀರು ಬಿಡದ ಫೋಮ್ ಇದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಎಲ್ಲ ಕೆರೆದು, ತೇವಕ್ಕೇ ಗಟ್ಟಿಯಾಗುವ ಪಾಲಿಯುರೆಥೇನ್ ಅಂಟು ಹಾಕಿದೆ. ಅದು ಉಬ್ಬಿ ಪದರಗಳನ್ನು ಎತ್ತದಂತೆ ಮೇಲೆ ಮನೆಯಲ್ಲಿದ್ದ ಸೋನಾ ಮಸೂರಿ ಮೂಟೆಗಳನ್ನು ಹೇರಿದೆ. ಎರಡು ದಿನ ಅಕ್ಕಿ ಬೇಕಾದಾಗಲೆಲ್ಲ ಹೆಂಡತಿ ಪಾತ್ರೆ ಹಿಡಿದು ಗ್ಯಾರೇಜಿಗೆ ಬಂದಳು. ಸ್ಪ್ರೇ ಅಂಟನ್ನೂ ಒಂದು ಚೂರಿನ ಮೇಲೆ ಪರೀಕ್ಷಿಸಿದ್ದೆ: ಫೋಮ್ ಬೆಲ್ಲದಂತೆ ಕರಗಿ ಕುಳಿಬಿತ್ತು.

ಹೊರಮೈಗೆ ಮಾತ್ರ ಮರದ ಅಂಟೇ ಸರಿ. ಫೋಮಿನ ನುಣುಪು ಹೋಗುವಂತೆ ಉಜ್ಜಿ, ನೀರು ಬೆರೆಸಿದ ಅಂಟಿನಲ್ಲಿ ಕ್ಯಾನ್ವಾಸ್ ಬಟ್ಟೆ ಹೊದಿಸಿದೆ. ಒಣಗುತ್ತ ಅದು ತಮಟೆಯ ಚರ್ಮದಂತೆ ಬಿಗಿಯಿತು. ಬಾಗಿಲ ಕೀಲಿನ ತಿರುಪುಗಳಿಗೆ ಮರದ ತುಂಡುಗಳನ್ನು ಮೊದಲೇ ಹುದುಗಿಸಿದ್ದೆ, ಫೋಮ್ ತಿರುಪು ಹಿಡಿಯುವುದಿಲ್ಲ. ಬಣ್ಣ ಇನ್ನೂ ಎರಡು ಕೋಟು ಬಾಕಿ.

ಕಳೆದ ಭಾನುವಾರ ತೂಕ ನೋಡಿದೆ. ಒಲೆ, ಪಾತ್ರೆ, ಹಾಸಿಗೆ, 20 ಲೀಟರ್ ನೀರು ಸೇರಿ 240 ಕಿಲೋ. ಹಿಗ್ಗಿದೆ. ಆದರೆ ಕಾರಿಗೆ ಸಿಕ್ಕಿಸುವ ಮೂತಿಯನ್ನು ಅದೇ ಎತ್ತರದಲ್ಲಿ ಮರದ ಕೊರಡಿನ ಮೇಲಿಟ್ಟು, ಕೊರಡಿನ ಕೆಳಗೆ ಬಚ್ಚಲುಮನೆಯ ತೂಕದ ಯಂತ್ರ ಕೊಟ್ಟರೆ 13 ಕಿಲೋ ಮಾತ್ರ ತೋರಿಸಿತು. ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಅಲ್ಲಿ ಬೀಳಬೇಕು, ಇಲ್ಲವಾದರೆ ವೇಗದಲ್ಲಿ ಗಾಡಿ ಬಾಲ ಬೀಸುತ್ತದೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ನಕ್ಕರು. “ಹಿಂಭಾರ ಆಗಿದೆ ಕಣೋ. ಎತ್ತಿನ ಗಾಡಿಯಾಗಿದ್ದರೆ ಇಷ್ಟು ಹೊತ್ತಿಗೆ ನೊಗ ಆಕಾಶ ನೋಡುತ್ತಿತ್ತು. ಹಿಂದಿನ ಮೂಟೆ ಮುಂದಕ್ಕೆ ಹಾಕು.”

ನೀರಿನ ಕ್ಯಾನನ್ನು ಅಡುಗೆಮನೆಯಿಂದ ತೆಗೆದು ಹಾಸಿಗೆಯ ತಲೆದೆಸೆಗೆ ಇಟ್ಟೆ. ಯಂತ್ರ 30 ತೋರಿಸಿತು. ಈಗ ನಲ್ಲಿ ಹಿಂದಿದೆ, ನೀರು ಮುಂದಿದೆ. ನಡುವೆ ಎಂಟು ಅಡಿ ಕೊಳವೆ ಎಳೆಯಬೇಕು. ಅದಕ್ಕಾಗಿ ಗಟ್ಟಿಯಾಗಿ ಕೂತಿರುವ ನೆಲಕ್ಕೆ ತೂತು ಕೊರೆಯಲು ಮನಸ್ಸಾಗದೆ ಡ್ರಿಲ್ ಎರಡು ದಿನದಿಂದ ಹಾಸಿಗೆಯ ಮೇಲೆಯೇ ಇದೆ.