ಹೊಳೆ ದಾಟದೆ ಬೆಟ್ಟ ಹತ್ತಿದ ದಿನ

ಹಿಮ ಕರಗುವ ಕಾಲದಲ್ಲಿ ಬೆಟ್ಟದ ಹೊಳೆ ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ರಾತ್ರಿ ಚಳಿಗೆ ಮೇಲೆ ಕರಗುವುದು ನಿಲ್ಲುತ್ತದೆ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ನೀರು ತೀರಾ ಕಡಿಮೆ. ಬಿಸಿಲೇರಿದಂತೆ ಕರಗಿದ ನೀರು ಕೆಳಗಿಳಿಯಲು ಶುರು. ಮಧ್ಯಾಹ್ನ ಕಳೆದ ಮೇಲೆ ಹೊಳೆ ತುಂಬುತ್ತದೆ. ಹಿಮ ಇರುವ ಜಾಗದಿಂದ ದೂರವಾದಷ್ಟೂ ನೀರು ತಡವಾಗಿ ಏರುತ್ತದೆ, ಕೆಲವೆಡೆ ಕತ್ತಲಾದ ಮೇಲೂ ಏರುತ್ತಲೇ ಇರುತ್ತದೆ. ಬೆಟ್ಟ ಹತ್ತುವವರಿಗೆ ಇದೇ ದೊಡ್ಡ ಕಷ್ಟ. ನಾವು ಹೋಗೋದು ಬೆಳಿಗ್ಗೆ, ವಾಪಸ್ ಬರೋದು ಸಂಜೆ. ಹೋಗುವಾಗ ಸುಮ್ನೆ ದಾಟಿದ ನೀರು, ಬರುವಾಗ ಕಾಲು ಸೋತಿರುವ ಹೊತ್ತಿನಲ್ಲೇ ಅಡ್ಡ ನಿಂತಿರುತ್ತದೆ.

ನಾವು ಹೋಗಬೇಕೆಂದಿದ್ದ ಬೆಟ್ಟದ ಕಾಲುದಾರಿ ಕಣಿವೆಯ ತಳದಲ್ಲೇ ಸಾಗುತ್ತದೆ. ಹೊಳೆಯನ್ನು ನಾಲ್ಕು ಕಡೆ ದಾಟಬೇಕು, ಸೇತುವೆ ಎಲ್ಲೂ ಇಲ್ಲ. ಹಿಂದಿನ ಸಂಜೆ ನಾನೂ ಗೆಳತಿಯೂ ಮೊದಲ ದಾಟಿನ ದಡಕ್ಕೆ ಹೋಗಿ ನಿಂತೆವು. ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೋಲನ್ನು ನೀರಿಗಿಳಿಸಿದರೆ ಅದರ ನಡುಕ ಮೊಣಕೈವರೆಗೂ ಬರುತ್ತಿತ್ತು. ನನಗೆ ಭಯ ಹುಟ್ಟಿಸಿದ್ದು ಸದ್ದು. ನೀರಿನ ಮೊರೆತದ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ದಡ್, ದಡ್ ಎಂದು, ತಡೆತಡೆದು, ಅಂಗಾಲಿಗೂ ಗೊತ್ತಾಗುವ ಹಾಗೆ. ತಳದಲ್ಲಿ ಕಲ್ಲುಗಳು ಉರುಳುತ್ತಿದ್ದವು. ಕಲ್ಲನ್ನೇ ಉರುಳಿಸುವ ನೀರು ನಮ್ಮ ಕಾಲನ್ನು ಬಿಡುತ್ತದೆಯೇ? ನೀರಿನ ವೇಗ 2 ಪಟ್ಟಾದರೆ ಅದು ದಬ್ಬುವ ಬಲ 4 ಪಟ್ಟಾಗುತ್ತದೆ. ರಭಸ ಇದ್ದರೆ ಮೊಣಕಾಲೆತ್ತರದ ನೀರೇ ಸಾಕು ಮನುಷ್ಯರನ್ನು ಕೆಡವಲು.

"ಬೆಳಿಗ್ಗೆ ಬೇಗ ಬಂದ್ರೆ ದಾಟಬಹುದು ಕಣೇ," ಎಂದಳು ಗೆಳತಿ.

"ಸಂಜೆ ಮತ್ತೆ ಇದೇ ನೀರಲ್ವಾ?"

ಅವಳು ಮಾತಾಡಲಿಲ್ಲ. ದಾಟುವ ಉಪಾಯಗಳು ನಮಗೆ ಗೊತ್ತಿಲ್ಲದೇನಲ್ಲ. ಹೊಳೆ ಅಗಲವಾಗಿ ಹರಡಿಕೊಂಡ ಕಡೆ ದಾಟಬೇಕು, ಬ್ಯಾಗಿನ ಸೊಂಟಪಟ್ಟಿ ಬಿಚ್ಚಿಟ್ಟುಕೊಳ್ಳಬೇಕು, ಶೂ ತೆಗೆಯಬಾರದು, ನೀರು ಬರುವ ದಿಕ್ಕಿಗೆ ಮುಖ ಮಾಡಿ ಕೋಲೂರಿ ಅಡ್ಡಡ್ಡ ಹೆಜ್ಜೆ ಇಡಬೇಕು. ಆದರೆ ಇವೆಲ್ಲ ದಾಟಬಹುದಾದ ನೀರಿಗೆ ಹೇಳಿದ ಮಾತು. ಆ ಸಂಜೆಯ ನೀರು ಅಂಥದ್ದಲ್ಲ.

ಡೇರೆಗೆ ಬಂದು ತಲೆದೀಪದ ಬೆಳಕಲ್ಲಿ ನಕ್ಷೆ ಹರಡಿದೆವು. ಗೆಳತಿಗೆ ಮೊದಲು ಹೊಳೆದದ್ದು, ಹೊಳೆಯ ಈಚೆ ದಡದಲ್ಲೇ ಸ್ವಲ್ಪ ಎತ್ತರದಲ್ಲಿ ಇಳಿಜಾರಿಗೆ ಅಡ್ಡವಾಗಿ ನಡೆದುಬಿಡೋಣ ಎಂದು. ನೋಡಲು ಸುಲಭದ ದಾರಿ. ಆದರೆ ಅದೇ ಇಳಿಜಾರಿನಿಂದ ಪಕ್ಕದ ಹಳ್ಳಗಳೂ ಹೊಳೆಗೆ ಇಳಿಯುತ್ತವೆ. ಅವೆಲ್ಲ ಕಿರಿದಾಗಿ, ಆಳವಾಗಿ ಕೊರೆದುಕೊಂಡಿರುತ್ತವೆ. ಒಂದು ದೊಡ್ಡ ಹೊಳೆ ತಪ್ಪಿಸಲು ಹೋಗಿ ಹತ್ತಾರು ಕೊರಕಲುಗಳಿಗೆ ಇಳಿದು ಹತ್ತಬೇಕಾಗುತ್ತದೆ.

ಹಾಗಾದರೆ ನೀರು ಹಾಯದೇ ಇರುವ ಜಾಗ ಯಾವುದು? ಬೆಟ್ಟದ ಏಣು, ಅಂದರೆ ತುದಿಯಿಂದ ಕೆಳಗಿನವರೆಗೆ ಬೆನ್ನಿನ ಹಾಗೆ ಉಬ್ಬಿ ಇಳಿಯುವ ಭಾಗ. ಏಣಿನ ನೆತ್ತಿಯ ಮೇಲೆ ಬಿದ್ದ ನೀರು ಈಚೆಗೋ ಆಚೆಗೋ ಇಳಿದು ಹೋಗುತ್ತದೆ. ಅದನ್ನು ಅಡ್ಡ ಹಾಯುವ ಹೊಳೆ ಇರಲು ಸಾಧ್ಯವೇ ಇಲ್ಲ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು ಹಳ್ಳ ಇರುವ ಕಡೆ ಬೆಟ್ಟದ ಮೇಲ್ಗಡೆಗೆ ಚೂಪಾಗಿ ಮಡಚಿಕೊಳ್ಳುತ್ತವೆ, ಏಣು ಇರುವ ಕಡೆ ಕೆಳಗಡೆಗೆ ಬಾಗುತ್ತವೆ. ತುದಿಯಿಂದ ಬೆರಳಿಟ್ಟುಕೊಂಡು ಕೆಳಗೆ ಬಂದೆ. ಒಂದು ಏಣು ಎರಡು ಉಬ್ಬುಗಳನ್ನು ದಾಟಿ ನೇರ ನಮ್ಮ ಡೇರೆಯ ಹಿಂದೆ ಬಂದು ನಿಂತಿತ್ತು. ಅದೂ ಮೊದಲ ದಾಟಿಗಿಂತ ಈಚೆ! ನಕ್ಷೆ ನೋಡುವ ಕೆಲಸದಲ್ಲಿ ನನಗೆ ಇಷ್ಟು ಸಂತೋಷ ಕೊಡುವ ಗಳಿಗೆ ಇನ್ನೊಂದಿಲ್ಲ.

ದೂರ 4 ಕಿಲೋಮೀಟರ್, ಏರು 900 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಲೆಕ್ಕ ಹೇಳಿದ್ದರು. ಸುಮಾರು 5 ಕಿಲೋಮೀಟರಿಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಆ ಪ್ರಕಾರ ಎರಡೂಕಾಲು ತಾಸು ಚಿಲ್ಲರೆ. ಜಾಡಿಲ್ಲದ ನೆಲಕ್ಕೆ ನಾವು ಅದನ್ನು ಇಮ್ಮಡಿ ಮಾಡಿಕೊಂಡೆವು. ಮಧ್ಯಾಹ್ನ ಮೋಡ ಕಟ್ಟುವ ಕಾಲ, ಏಣಿನ ಮೇಲೆ ಸಿಡಿಲಿಗೆ ಮರೆ ಇರುವುದಿಲ್ಲ. ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೇ ಹೊರಡುವುದೆಂದಾಯಿತು. ಜಾಡು ಬಿಟ್ಟು ನಡೆಯಲು ಅಲ್ಲಿ ಅಡ್ಡಿಯಿಲ್ಲ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದೆವು. ಎಲ್ಲ ಬೆಟ್ಟಗಳಲ್ಲೂ ಹೀಗೆ ಬಿಡುವುದಿಲ್ಲ.

ಇನ್ನೊಂದು ವಿಷಯ. ಏಣಿನಲ್ಲಿ ದಾಟಲು ಹೊಳೆ ಇಲ್ಲ ಅಂದರೆ ಕುಡಿಯಲು ನೀರೂ ಇಲ್ಲ. ತಲಾ 3 ಲೀಟರ್ ಹೊತ್ತೆವು. ಅಷ್ಟಕ್ಕೇ ಬ್ಯಾಗು 3 ಕಿಲೋ ಜಾಸ್ತಿಯಾಯಿತು.

ಮೊದಲ ಒಂದು ತಾಸು ಬರೀ ಪೊದೆ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಕೈಕಾಲು ತರಚಿತು ಅಷ್ಟೇ. ಪೊದೆ ಮುಗಿದು ಮೋಟು ಹುಲ್ಲು ಶುರುವಾದಾಗ ಬೆಳಕಾಯಿತು. ಕೆಳಗೆ ಹೊಳೆ ಬೆಳ್ಳಗೆ ಕಾಣುತ್ತಿತ್ತು. ನಾಲ್ಕು ದಾಟುಗಳನ್ನೂ ಮೇಲಿನಿಂದ ಗುರುತಿಸಿದೆವು. ಆ ನೆಲದಲ್ಲಿ ನಾವು ಒಬ್ಬರ ಹಿಂದೆ ಒಬ್ಬರು ನಡೆಯಲಿಲ್ಲ. ಜಾಡಿಲ್ಲದ ಕಡೆ ಒಂದೇ ಗೆರೆಯಲ್ಲಿ ತುಳಿದರೆ ಹೊಸ ಜಾಡು ಬೀಳುತ್ತದೆ, ಹುಲ್ಲು ಸತ್ತ ಜಾಗದಲ್ಲಿ ಮಳೆ ನೀರು ಕೊರೆಯುತ್ತದೆ. ಸಿಕ್ಕಲ್ಲೆಲ್ಲ ಬಂಡೆಯ ಮೇಲೇ ಕಾಲಿಟ್ಟೆವು. ಕಲ್ಲು ಪೇರಿಸಿ ಗುರುತು ಮಾಡುವುದಕ್ಕೂ ಹೋಗಲಿಲ್ಲ.

ಎರಡನೇ ಉಬ್ಬಿನ ಕೆಳಗೆ ದಾರಿ ನಿಂತೇ ಹೋಯಿತು. ಎದುರಿಗೆ ಬಂಡೆಯ ಗೋಡೆ, ಮೂರಾಳು ಎತ್ತರ. ನಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ. ಇರುವುದೂ ಇಲ್ಲ. ನಮ್ಮ ನಕ್ಷೆಯಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ ಎತ್ತರದಲ್ಲಿ 20 ಮೀಟರ್ ಅಂತರ. ಅಷ್ಟರೊಳಗೆ ಒಂದು ಬಂಡೆ ಪೂರ್ತಿ ಅಡಗಿ ಕೂರಬಹುದು. ಗೆಳತಿ ಹತ್ತಲು ಒಂದು ಬಿರುಕು ನೋಡಿಟ್ಟಳು. ನಾನು ಬೇಡ ಎಂದೆ. ಹತ್ತಿದ್ದನ್ನು ಇಳಿಯಲೂ ಬೇಕಲ್ಲ, ಹಗ್ಗ ನಮ್ಮಲ್ಲಿರಲಿಲ್ಲ. ಗೋಡೆಯ ಬುಡ ಹಿಡಿದು ಎಡಕ್ಕೆ ಹೋದೆವು, ಅಲ್ಲಿ ಪ್ರಪಾತ. ಬಲಕ್ಕೆ ಬಂದೆವು. ಒಂದು ಕಡೆ ಹುಲ್ಲು ಮಲಗಿತ್ತು, ಮಣ್ಣಿನಲ್ಲಿ ಸೀಳುಗೊರಸಿನ ಗುರುತು, ಪಕ್ಕದಲ್ಲಿ ಒಣಗಿದ ಹಿಕ್ಕೆ. ಅದನ್ನೇ ಹಿಡಿದು ಹೋದರೆ ಅಂಗೈ ಅಗಲದ ಜಾಡು ಬಂಡೆಯನ್ನು ಬಳಸಿಕೊಂಡು ಮತ್ತೆ ಏಣಿನ ನೆತ್ತಿಗೆ ಹತ್ತಿತ್ತು. ಬೆಟ್ಟದ ಪ್ರಾಣಿಗಳೂ ಓಡಾಡುವುದು ಹೆಚ್ಚಾಗಿ ಏಣುಗಳ ಮೇಲೆ, ಉಬ್ಬುಗಳ ನಡುವಿನ ತಗ್ಗುಗಳಲ್ಲಿ. ಆ ಗೊರಸಿನ ಗುರುತು ಕಂಡಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ತುದಿ ಮುಟ್ಟಿದಾಗ ಒಂಬತ್ತು ದಾಟಿತ್ತು. ಹೆಚ್ಚು ಹೊತ್ತು ಕೂರಲಿಲ್ಲ. ಅಸಲಿ ಕೆಲಸ ಇನ್ನೂ ಬಾಕಿ ಇತ್ತು.

ಏಣಿನಲ್ಲಿ ಹತ್ತುವಾಗ ದಾರಿ ತಪ್ಪುವುದು ಕಷ್ಟ. ಎಲ್ಲ ಕವಲುಗಳೂ ಮೇಲೆ ಹೋದಂತೆ ಒಂದಕ್ಕೊಂದು ಸೇರಿಕೊಳ್ಳುತ್ತವೆ, ಸುಮ್ನೆ ಮೇಲೆ ಹೋದರಾಯಿತು. ಇಳಿಯುವಾಗ ಎಲ್ಲ ತಿರುವುಮುರುವು. ಅದೇ ಏಣು ಎರಡಾಗಿ ಒಡೆಯುತ್ತದೆ, ಎರಡೂ ಒಂದೇ ಥರ ಕಾಣುತ್ತವೆ, ಒಂದು ಡೇರೆಗೆ ಒಯ್ಯುತ್ತದೆ, ಇನ್ನೊಂದು ಹೊಳೆಯ ಮೇಲಿನ ಪ್ರಪಾತಕ್ಕೆ. ಹಾಗಾಗಿ ಹತ್ತುವಾಗಲೇ ಪ್ರತಿ ಕವಲಲ್ಲಿ ನಿಂತು, ಹಿಂದಿರುಗಿ ನೋಡಿ, ಫೋಟೋ ತೆಗೆದು, ಕಂಪಾಸ್ ದಿಕ್ಕು ಬರೆದುಕೊಂಡಿದ್ದೆವು. ಜಿಪಿಎಸ್‌ನಲ್ಲೂ ಗುರುತು ಹಾಕಿದ್ದೆವು. ಆದರೆ ಚಳಿಗೆ ಮೊಬೈಲ್ ಬ್ಯಾಟರಿ ಯಾವಾಗ ಕೈಕೊಡುತ್ತದೋ ಹೇಳಲಾಗದು. ಕೆಳಗಿನ ಕವಲಿಗೆ ಬಂದಾಗ ಮಂಜು ಮುಸುಕಿ, ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ಬಲಗಡೆಯ ಕವಲು ಅಗಲವಾಗಿತ್ತು, ಇಳಿಜಾರೂ ಕಡಿಮೆ, ಕಾಲು ತಾನಾಗಿ ಅತ್ತ ತಿರುಗುತ್ತಿತ್ತು.

"ಇದೇ ಇರಬೇಕು ಕಣೇ."

"ತಾಳು," ಎಂದು ಗೆಳತಿ ಚೀಟಿ ತೆಗೆದಳು. ಕಂಪಾಸ್ ಹಿಡಿದು ನೋಡಿದರೆ ನಾವು ಇಳಿಯಬೇಕಾದದ್ದು ಎಡಗಡೆಯ ಕಿರಿದಾದ ಕವಲು. ಅದನ್ನೇ ಹಿಡಿದೆವು. ಸ್ವಲ್ಪ ಇಳಿದ ಮೇಲೆ ಬಲಗಡೆಯಿಂದ ಹೊಳೆಯ ಮೊರೆತ ಕೇಳಿತು. ಎಡಕ್ಕೆ ತಿರುಗಿದ್ದು ಸರಿ ಎಂದು ಆಗ ಪಕ್ಕಾ ಆಯಿತು.

ಡೇರೆ ತಲುಪಿದಾಗ ಪಕ್ಕದಲ್ಲಿ ಇನ್ನಿಬ್ಬರು ಬಂದು ಇಳಿದಿದ್ದರು, ಗಂಡ ಹೆಂಡತಿ. ಮರುದಿನ ಅವರೂ ಹತ್ತುವವರು. ಹೊಳೆ ನೋಡಿ ಬಂದು ಯೋಚನೆಯಲ್ಲಿ ಕೂತಿದ್ದರು. ನಾವು ನಮ್ಮ ದಾರಿ ಹೇಳಿದೆವು. ಆ ಹೆಂಗಸಿಗೆ ಮಂಡಿನೋವು, ಅಷ್ಟು ಕಡಿದಾದ ಏಣು ಇಳಿಯುವುದು ಅವರಿಂದಾಗದು. ನನಗೂ ಹಾಗೇ ಅನ್ನಿಸಿತು. ಅವರ ಬಳಿ ಊಟವೂ ಡೇರೆಯೂ ಇದ್ದವು. "ಬೆಳಗಿನ ಜಾವ ಹೊಳೆ ದಾಟಿ ಹೋಗಿ, ರಾತ್ರಿ ಮೇಲೇ ಇದ್ದುಬಿಡಿ, ಮರುದಿನ ಮತ್ತೆ ಬೆಳಗಿನ ಜಾವ ದಾಟಿ ಬನ್ನಿ" ಎಂದೆವು. ಅವರು ಹಾಗೇ ನಿಶ್ಚಯಿಸಿದರು. ಆದರೂ ನೀರು ಇಳಿಯದೇ ಹೋದರೆ ಬೇಕಾಗಬಹುದೆಂದು ಏಣಿನ ದಾರಿಯನ್ನು ತಮ್ಮ ನಕ್ಷೆಯಲ್ಲಿ ಬರೆಸಿಕೊಂಡರು. ಬಂಡೆಯ ಗೋಡೆ ಇದ್ದಲ್ಲಿ ಗೆಳತಿ ಒಂದು ಗೀಟು ಎಳೆದು, ಪಕ್ಕದಲ್ಲಿ ಬರೆದಳು: ಬಲಕ್ಕೆ ಬಳಸಿ. ಕೆಳಗಿನ ಕವಲಿನ ಹತ್ತಿರ ಎರಡು ಗೀಟು ಎಳೆದು: ಇಳಿಯುವಾಗ ಎಡಕ್ಕೆ, ಕಂಪಾಸ್ ನೋಡಿಯೇ ಇಳಿಯಿರಿ.