ಮಂಜು ಹರಿಯುವ ತನಕ

ಒಂದು ಕ್ಯಾಲೆಂಡರ್‌ಗೆ ಶರತ್ಕಾಲದ ಬೆಟ್ಟಗಳ ಚಿತ್ರ ಬೇಕಿತ್ತು. ಕತ್ತಲಲ್ಲೇ ಹತ್ತಿ, ಟ್ರೈಪಾಡ್ ನಿಲ್ಲಿಸಿ ಕಾದೆ. ಸೂರ್ಯ ಹುಟ್ಟುವಾಗ ಕಣಿವೆಯಲ್ಲಿ ತೆಳ್ಳಗೆ ಮಂಜಿತ್ತು. ನಾಲ್ಕು ಚಿತ್ರ ತೆಗೆಯುವಷ್ಟರಲ್ಲಿ ಅದು ದಟ್ಟವಾಗಿ ಮೇಲೇರಿ ನನ್ನನ್ನೂ ಮುಚ್ಚಿತು. ಇವತ್ತಿಗೆ ಇಷ್ಟೇ ಅಂದುಕೊಂಡು ಇಳಿದುಬಿಟ್ಟೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಮಂಜು ಹರಿದು, ಶಿಖರಗಳು ಒಂದೊಂದಾಗಿ ಹೊರಬರುತ್ತಿದ್ದವು. ಓಡಿ ಹತ್ತಿದೆ. ತಲುಪುವಾಗ ಬರೀ ಬಿಳಿ ಬಿಸಿಲು. ಆ ಬೇಸರ ತುಂಬ ದಿನ ಹೋಗಲಿಲ್ಲ.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿದುಕೊಂಡೆ. ಶರತ್ಕಾಲದಲ್ಲಿ ರಾತ್ರಿ ಉದ್ದವಾಗುತ್ತಾ ಹೋಗುತ್ತದೆ. ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದಿದ್ದರೆ ನೆಲ ಚೆನ್ನಾಗಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಅಲ್ವಾ? ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ, ಅಲ್ಲಿನ ತೇವ ಮಂಜಾಗುತ್ತದೆ. ಬಿಸಿಲು ಬಿದ್ದ ಕೂಡಲೇ ಅದು ಕರಗುವುದಿಲ್ಲ. ಎಳೆ ಬಿಸಿಲಿಗೆ ಗಾಳಿ ಕದಡುತ್ತದೆ, ಹುಲ್ಲಿನ ಮೇಲಿನ ಇಬ್ಬನಿ ಆವಿಯಾಗುತ್ತದೆ. ಹಾಗಾಗಿ ಎಷ್ಟೋ ಸಲ ಸೂರ್ಯ ಹುಟ್ಟಿದ ಮೇಲೇ ಮಂಜು ಜಾಸ್ತಿಯಾಗುತ್ತದೆ. ಹರಿಯುವುದು ಆಮೇಲೆ. ನಾನು ಇಳಿದದ್ದು ಸರಿಯಾಗಿ ಇವೆರಡರ ನಡುವೆ.

ಈಗ ಸುಮ್ನೆ ಕಾಯುತ್ತೇನೆ, ಕಡಿಮೆ ಅಂದರೂ ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ಲೆನ್ಸ್ ಮೇಲೆ ಕೂತ ಇಬ್ಬನಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿರುತ್ತೇನೆ. ಆಟೋ ಫೋಕಸ್ ಮಂಜಿನಲ್ಲಿ ತಡಕಾಡುತ್ತದೆ, ಅದಕ್ಕೇ ಯಾವುದಾದರೂ ಮರದ ಕಪ್ಪು ಅಂಚಿಗೆ ಮೊದಲೇ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಹಾಕಿಡುತ್ತೇನೆ.

ಎಕ್ಸ್‌ಪೋಷರ್‌ನಲ್ಲೂ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಅನ್ನುವುದರಲ್ಲೂ, ನಾನು ಏಟು ತಿಂದಿದ್ದೇನೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದಿ ಬಣ್ಣಕ್ಕೆ ಎಳೆಯುತ್ತದೆ. ಬಿಳಿ ಮಂಜು ಮಾಸಲಾಗಿ ಬರುತ್ತದೆ. ಚೌಕಟ್ಟಿನ ತುಂಬ ಮಂಜಿದ್ದರೆ 1 ಸ್ಟಾಪ್‌ವರೆಗೆ, ಅಂದರೆ ಎರಡರಷ್ಟು ಬೆಳಕಿನವರೆಗೆ ಹೆಚ್ಚಿಸುತ್ತೇನೆ. ಸೂರ್ಯ ಒಳಗೆ ಬಂದರೆ ಮಾತ್ರ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ ಇಳಿಸಲೇಬೇಕು. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲೇ ಇರಲಿ. ಆಟೋಗೆ ಬಿಟ್ಟರೆ ಬೆಳಗಿನ ಕೆಂಪನ್ನು ತೊಳೆದುಹಾಕುತ್ತದೆ.

ಮಂಜು ಬಿರಿಯುವಾಗ ನನ್ನ ಕೈಗೆ ಬರುವುದು ದೂರದ್ದನ್ನು ಹತ್ತಿರ ತೋರಿಸುವ 70-200 ಜೂಮ್ ಲೆನ್ಸ್. ದೂರದ ಬೆಟ್ಟಗಳ ಸಾಲು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ನಿಂತರೆ ಮಂಜು ಒಳಗಿನಿಂದ ಹೊಳೆಯುತ್ತದೆ.

ಒಮ್ಮೆ ಹೀಗೇ ಕಾದು ನಿಂತಾಗ, ಸೂರ್ಯನಿಗೆ ಬೆನ್ನು ಮಾಡಿ ಕೆಳಗೆ ನೋಡಿದೆ. ಮಂಜಿನ ಮೇಲೆ ನನ್ನದೇ ದೊಡ್ಡ ನೆರಳು, ತಲೆಯ ಸುತ್ತ ಬಣ್ಣದ ಉಂಗುರ. ಜರ್ಮನಿಯ ಬ್ರೋಕನ್ ಬೆಟ್ಟದ ಹೆಸರಿನಲ್ಲಿ ಇದನ್ನು ಬ್ರೋಕನ್ ಸ್ಪೆಕ್ಟರ್ ಅನ್ನುತ್ತಾರೆ. ಕೈ ನಡುಗುತ್ತಿತ್ತು. ಮೂರು ಚಿತ್ರ ಸಿಕ್ಕಿತು.