ಮ್ಯಾಂಡೊಲಿನ್ ಕಲಿಯೋಕೆ ಕೂತಾಗ ಸಿಕ್ಕ ಹಾಡು

ಇವತ್ತು ಬೆಳಗ್ಗೆಯಿಂದ ಆರ್.ಇ.ಎಂ. ಅನ್ನೋ ರಾಕ್ ತಂಡದ ‘ಲೂಸಿಂಗ್ ಮೈ ರಿಲಿಜನ್’ ಒಂದನ್ನೇ ಮತ್ತೆ ಮತ್ತೆ ಕೇಳ್ತಿದೀನಿ. ಅದು ಹುಟ್ಟಿದ ಬಗೆ ನನಗೆ ಹಾಡಿನಷ್ಟೇ ಇಷ್ಟ.

ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನ ತಂಡ ಅದು. ಗಿಟಾರ್ ನುಡಿಸೋ ಪೀಟರ್ ಬಕ್ ಹೊಸದಾಗಿ ಒಂದು ಮ್ಯಾಂಡೊಲಿನ್ ಕೊಂಡಿದ್ದ. ಟಿವಿ ನೋಡ್ತಾ, ಕಲಿಯೋಕೆ ಅಂತ ಮೀಟ್ತಾ, ಅದನ್ನೆಲ್ಲ ರೆಕಾರ್ಡ್ ಮಾಡಿಟ್ಟ. ಮರುದಿನ ಹಾಕಿ ಕೇಳಿದ್ರೆ ಒಂದಷ್ಟು ತಡಕಾಟ, ಅದರ ನಡುವೆ ಈ ಟ್ಯೂನು, ಆಮೇಲೆ ಮತ್ತೆ ತಡಕಾಟ! ಕಲಿಯೋ ಕೈಗೆ ಒಂದು ಧೈರ್ಯ ಇರತ್ತೆ, ಪಳಗಿದ ಕೈ ಹೋಗದ ದಾರೀಲೂ ಅದು ಹೋಗತ್ತೆ ಅಂತ ನಾನು ನಂಬ್ತೀನಿ.

ಈ ಹಾಡಿರೋ ಆಲ್ಬಮ್ಮಿನ ಮೊದಲ ಸಿಂಗಲ್ (ಬಿಡಿಯಾಗಿ ಬಿಡುಗಡೆ ಮಾಡೋ ಹಾಡು) ಇದೇ ಆಗಲಿ ಅಂತ ತಂಡ ಅಂದಾಗ, ಅವರ ಹಾಡುಗಳನ್ನ ಹೊರತರ್ತಿದ್ದ ವಾರ್ನರ್ ಬ್ರದರ್ಸ್ ಕಂಪನಿ ಹಿಂದೆಮುಂದೆ ನೋಡಿತ್ತು. ನೋಡದೇ ಇರತ್ತಾ? ರಾಕ್ ಹಾಡು, ಆದ್ರೆ ಮುಂದಿರೋದು ಮ್ಯಾಂಡೊಲಿನ್. ಎಲ್ಲರೂ ಸೇರಿ ಹಾಡೋ ಥರದ ಪಲ್ಲವಿಯೂ ಇಲ್ಲ. ಆದ್ರೂ 1991ರಲ್ಲಿ ಬಿಡುಗಡೆಯಾಗಿ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರ್ತು, 2 ಗ್ರ್ಯಾಮಿ ಪ್ರಶಸ್ತಿ ಬಂತು. ಆ ಆಲ್ಬಮ್ಮಿಗೆ ಅಂತ ಅವರು ಊರೂರಿಗೆ ಕಾರ್ಯಕ್ರಮ ಕೊಡೋ ಪ್ರವಾಸ ಕೂಡ ಹೋಗಿರ್ಲಿಲ್ಲ.

ಅಂದಹಾಗೆ, ಇದರ ವಿಡಿಯೋ ನಿರ್ದೇಶಿಸಿದ್ದು ಪಂಜಾಬಿನ ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಎಂಟಿವಿಯ ಆ ವರ್ಷದ ಅತ್ಯುತ್ತಮ ವಿಡಿಯೋ ಪ್ರಶಸ್ತಿ ಅದಕ್ಕೇ ಬಂದಿದ್ದು. ಇನ್ನೂ ನೋಡಿಲ್ಲ ಅಂದ್ರೆ ಇವತ್ತೇ ನೋಡಿ, ದಯವಿಟ್ಟು ಹೆಡ್‌ಫೋನ್ ಹಾಕ್ಕೊಂಡು.